ಸೋತವರ ಸಾಕ್ಷಿ

ಹೊಳೆ ದಡದಲ್ಲಿ ಒಂದು ಪೇಟೆ. ದಿನಾ ದೋಣಿ ಬರುತ್ತಿತ್ತು, ದೋಣಿಯ ಹಿಂದೆ ವ್ಯಾಪಾರ, ವ್ಯಾಪಾರದ ಹಿಂದೆ ಜಗಳ.

ಜಗಳ ತೀರಿಸಲು ಒಬ್ಬ ನ್ಯಾಯಾಧಿಕಾರಿ ಬೇಕಲ್ಲ? ಹಿಂದೆಲ್ಲ ಊರಿನ ಯಜಮಾನ ಪಟ್ಟಣಶೆಟ್ಟಿ ತನ್ನ ಬೀಗರನ್ನೇ ಆ ಗದ್ದುಗೆಯ ಮೇಲೆ ಕೂರಿಸುತ್ತಿದ್ದ. ಜನ ಬೇಸತ್ತು ಒಂದು ಕಟ್ಟುಪಾಡು ಮಾಡಿದರು. ದೋಣಿಯವರಿಂದ ಒಬ್ಬ, ನೇಕಾರರಿಂದ ಒಬ್ಬಳು, ಹೊಳೆಯಾಚೆಯ ಆಶ್ರಮದಿಂದ ಒಬ್ಬ, ಹೀಗೆ ಮೂವರ ಮಂಡಳಿ ಊರು ಸುತ್ತಿ ತಲೆಗೊಂದು ಹೆಸರು ತರಬೇಕು. ಶೆಟ್ಟಿ ಆ ಮೂರು ಹೆಸರಿನವರಲ್ಲೇ ಒಬ್ಬನನ್ನು ಕೂರಿಸಬೇಕು. ಆರಿಸುವವರು ಬೇರೆ, ಕೂರಿಸುವವನು ಬೇರೆ.

ಆ ವರ್ಷ ಆಶ್ರಮದ ಪರವಾಗಿ ಗುರುಗಳು ತಮ್ಮ ಶಿಷ್ಯ ನಾಗಿದೇವನನ್ನು ಕಳಿಸಿದರು.

"ಗುರುಗಳೇ, ಗದ್ದುಗೆ ಏರೋರು ಯೋಗ್ಯರೋ ಅಲ್ಲವೋ ನಾನು ಹೇಳ್ತೀನಿ, ಸರಿ. ನಾನು ಯೋಗ್ಯ ಅಂತ ಹೇಳೋರು ಯಾರು?"

"ಈಗಲೇ ಹೇಗೆ ಹೇಳಲಿ? ಕೆಲಸ ಮುಗಿಸಿ ಬಾ."

ನಾಗಿದೇವ ಸಂಜೆಯೊಳಗೇ ಬಂದ. ಮುಖ ಅರಳಿತ್ತು.

"ಹೆಸರು ಸಿಕ್ಕಿತು. ಜವಳಿ ವ್ಯಾಪಾರಿ ಸಂಕಣ್ಣ."

"ನಿನ್ನ ಸೋದರಮಾವ."

"ಮಾವ ಅಂತ ಅಲ್ಲ, ಗುರುಗಳೇ! ಅವರ ಬೀದಿಯ ವ್ಯಾಜ್ಯ ಎಲ್ಲ ಅವರೇ ತೀರಿಸೋದು. ನಾನೇ ವಿಚಾರಿಸಿದೆ. ಕೇಳಿದವರೆಲ್ಲ ಹೊಗಳಿದರು."

"ಯಾರನ್ನ ಕೇಳಿದೆ?"

"ಅವರಿಂದ ನ್ಯಾಯ ಪಡೆದವರನ್ನ."

"ಅಂದ್ರೆ ಗೆದ್ದವರನ್ನ."

ನಾಗಿದೇವ ತಲೆ ಕೆರೆದುಕೊಂಡ.

"ಮಾರೋನನ್ನೇ ಕೇಳಿ ಮಾವಿನಹಣ್ಣು ಕೊಳ್ತೀಯೇನೋ? ನಾಳೆ ಸೋತವರ ಮನೆಗೆ ಹೋಗು."

ಮರುದಿನ ಕಂಬಳಿ ಮಾರುವ ಬೀರಣ್ಣ ಸಿಕ್ಕಿದ. ಸಂಕಣ್ಣನ ಮುಂದೆ ಸೋತವನು.

"ಸೋತಿದ್ದಕ್ಕೆ ಬೇಜಾರಿಲ್ಲಪ್ಪ. ನಾನು ಬಾಯಿ ತೆಗೆಯೋದರೊಳಗೆ ತೀರ್ಪು ಬಂದಿತ್ತು. ತೀರ್ಪು ಸರಿಯೇ ಇತ್ತೋ ಏನೋ. ನನ್ನ ಮಾತು ಮಾತ್ರ ನನ್ನ ಹತ್ರಾನೇ ಉಳೀತು ನೋಡು."

ನಾಗಿದೇವನಿಗೆ ನಗು ಬಂತು. ಮಾವ ಎಂದಾದರೂ ಒಂದು ಪ್ರಶ್ನೆಯನ್ನು ಕೊನೆತನಕ ಕೇಳಿದ್ದುಂಟೆ? ಆದರೂ ತಂದೆಯಿಲ್ಲದ ತನ್ನನ್ನು ಸಾಕಿ, ಅಕ್ಷರ ಕಲಿಸಿದ್ದು ಅದೇ ಮಾವ. ಅವರ ಹೆಸರು ಬಿಟ್ಟರೆ ಆ ಮನೆಯ ಬಾಗಿಲು ತನಗೆ ತೆರೆದೀತೆ?

ಪೇಟೆಯ ಕೊನೆಯಲ್ಲಿ ಗಾಣದ ಗಿರಿಯಣ್ಣನೂ ತನ್ನ ಕೇರಿಯ ಜಗಳ ತೀರಿಸುತ್ತಿದ್ದ. ಅವನ ಮುಂದೆ ಸೋತವಳು ಅವನ ಸ್ವಂತ ಅಕ್ಕ, ದುಗ್ಗವ್ವ.

"ಒಡಹುಟ್ಟಿದವನು ಕಣಪ್ಪ! ಹಲಸಿನ ಮರ ಪಕ್ಕದ ಮನೆಯವಳದ್ದು ಅಂದುಬಿಟ್ಟ. ಅವನ ಬಾಯಿಗಿಷ್ಟು ಮಣ್ಣು ಹಾಕ!"

"ಅನ್ಯಾಯ ಆಯ್ತೇನವ್ವ?"

"ಯಾವನಂದ ಅನ್ಯಾಯ ಅಂತ? ಮರ ಅವಳದ್ದೇ. ನನಗೂ ಗೊತ್ತಿತ್ತು. ತಮ್ಮ ಅಲ್ವಾ, ನೋಡೇಬಿಡೋಣ ಅಂತ ಹೋದೆ."

"ಇನ್ನೊಂದು ಜಗಳ ಬಂದ್ರೆ?"

"ಅವನ ಹತ್ರಾನೇ ಹೋಗ್ತೀನಿ. ಬೆಳಗಿಂದ ಮಧ್ಯಾಹ್ನದ ತನಕ ನಾನು ಮಾತಾಡಿದೆ, ಅವನು ತೂಕಡಿಸದೆ ಕೇಳಿದ. ನನ್ನ ಗಂಡ ಇದ್ದಾನಲ್ಲ, ಒಂದು ದಿನವಾದ್ರೂ ಅಷ್ಟು ಕೇಳಿದ್ನಾ?"

ನಾಗಿದೇವ ನಗುತ್ತಲೇ ಕೇರಿ ದಾಟಿದ. ನೆಟ್ಟಗೆ ಮಂಡಳಿಯ ಕಟ್ಟೆಗೆ ಹೋಗಿ ಗಿರಿಯಣ್ಣನ ಹೆಸರು ಕೊಟ್ಟ. ಆಮೇಲೆ ಕಾಲು ಎಳೆಯುತ್ತ ಮಾವನ ಮನೆಗೆ ನಡೆದ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು.

"ಮಾವ, ಮಂಡಳಿಗೆ ಹೆಸರು ಕೊಟ್ಟೆ, ಅದು..."

"ನಂದೇ ಅಂತ ಗೊತ್ತು ಬಿಡೋ!" ಸಂಕಣ್ಣ ಒಳಗಿದ್ದ ಹೆಂಡತಿಗೆ ಕೂಗಿದ, "ಲೇ, ಹೋಳಿಗೆಗೆ ಬೇಳೆ ಇಡು!"

"ನಿಮ್ಮದಲ್ಲ ಮಾವ. ಗಿರಿಯಣ್ಣಂದು."

ಸಂಕಣ್ಣನ ಕೈಯಲ್ಲಿದ್ದ ಬಟ್ಟೆಯ ಸುರುಳಿ ಜಾರಿ ಅಂಗಳದ ತನಕ ಬಿಚ್ಚಿಕೊಂಡು ಹೋಯಿತು.

"ಯಾಕೆ?"

ನಾಗಿದೇವ ಹೇಳಿದ. ಬೀರಣ್ಣನ ಮಾತು, ದುಗ್ಗವ್ವನ ಮಾತು, ಒಂದೂ ಬಿಡದೆ. ಸಂಕಣ್ಣ ಮಧ್ಯೆ ಬಾಯಿ ಹಾಕಲಿಲ್ಲ. ಎರಡು ಸಲ ಹಾಕಲು ಹೋಗಿ, ತುಟಿ ಕಚ್ಚಿಕೊಂಡ.

ಒಳಗಿನಿಂದ ಅತ್ತೆ ಕಿಸಕ್ಕೆಂದಳು. "ಮದುವೆಯಾದಾಗಿಂದ ನಾನು ಹೇಳ್ತಿರೋದೂ ಇದನ್ನೇ. ಇವತ್ತು ಕೇಳಿಸ್ತು ನೋಡು!"

ಸಂಕಣ್ಣ ಬಟ್ಟೆ ಸುತ್ತಿದ. ಬಹಳ ಹೊತ್ತು ಸುತ್ತಿದ. ಕೊನೆಗೆ ತಾನೂ ನಕ್ಕ.

"ಆ ಬೀರಣ್ಣನ್ನ ನಾಳೆ ಅಂಗಡಿಗೆ ಬರೋಕೆ ಹೇಳು. ಅವನೇನು ಹೇಳ್ಬೇಕು ಅಂತಿದ್ನೋ ಕೇಳೋಣ. ಈಗ ಎಲೆ ಹಾಕ್ಕೋ. ಬೇಳೆ ಇಟ್ಟಾಗಿದೆಯಲ್ಲ!"

ಕತ್ತಲಾಗುವ ಮುಂಚೆ ನಾಗಿದೇವ ಹೊಳೆ ದಾಟಿ ಬಂದ. ಗಿರಿಯಣ್ಣನ ಹೆಸರು ಕೊಟ್ಟೆ ಎಂದು ಗುರುಗಳಿಗೆ ಹೇಳಿ ಕಾಲಿಗೆ ಬಿದ್ದ. ಅವನನ್ನು ಎಬ್ಬಿಸಿದ ಗುರುಗಳು ಅವನ ಕೈ ಮೂಸಿ ನೋಡಿದರು.

"ತುಪ್ಪದ ಘಮ. ಎಲ್ಲಿ ಉಂಡೆ?"

"ಮಾವನ ಮನೇಲಿ. ಹೋಳಿಗೆ."

"ಹೆಸರು ಕೊಡೋಕೆ ಮುಂಚೆಯೋ, ಆಮೇಲೋ?"

"ಆಮೇಲೆ, ಗುರುಗಳೇ. ನಾನು ಸಾಕು ಅಂದರೂ ಅವರೇ ಕೈಯಾರೆ ಇನ್ನೊಂದು ಬಡಿಸಿದರು."

ಗುರುಗಳು ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ನಕ್ಕರು.

"ನಿನಗೂ ಸೋತವರ ಸಾಕ್ಷಿ ಸಿಕ್ತಲ್ಲ. ಮುಂದಿನ ಸಲವೂ ಆರಿಸೋಕೆ ನೀನೇ ಹೋಗು."