ಹೊಸ್ತಿಲಗುಡ್ಡದ ಕಲ್ಲು

ಕಂಚಿಕೋಡಿಯ ಹಳೆಯ ಬಂದರಿನಿಂದ ಮೂಡಣಕ್ಕೆ ಹೊರಟರೆ, ಗದ್ದೆಬಯಲು ಮುಗಿಯುವಲ್ಲಿ ಒಂದು ಬೋಳುಗುಡ್ಡ ಎದುರಾಗುತ್ತದೆ. ಎತ್ತರವೇನೂ ಇಲ್ಲ, ಬಾಯಿಗೆ ಹಾಕಿದ ಎಲೆಯಡಿಕೆ ರಸ ಬಿಡುವಷ್ಟರಲ್ಲಿ ನೆತ್ತಿ ಸಿಗುತ್ತದೆ. ಅಲ್ಲಿ ನಿಂತವರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವೆ, ಹಿಂದೆ ಸರಕು ಹೊತ್ತ ಹೇರೆತ್ತುಗಳು ನಡೆದ ದಾರಿಯ ಮೇಲೆ, ಗೋಡೆಯಿಲ್ಲದ ಬಾಗಿಲೊಂದು ನಿಂತಿದೆ. ಎರಡು ಕಂಬ, ಮೇಲೊಂದು ತೊಲೆ, ಕೆಳಗೆ ಆಳುದ್ದದ ಬಳಪದ ಕಲ್ಲಿನ ಹೊಸ್ತಿಲು. ಹೊಸ್ತಿಲ ಮೇಲೆ ನಮ್ಮ ಕಡೆಯ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಒಂದು ಹೆಸರು ಕೆತ್ತಿದೆ. ಅದರ ಎಡಗೊನೆಯಲ್ಲಿ ಕಲ್ಲು ಅಂಗೈಯಷ್ಟು ತಗ್ಗಾಗಿದ್ದು, ಮಳೆಗಾಲದಲ್ಲಿ ಅಲ್ಲಿ ನಿಂತ ನೀರನ್ನು ಕಾಗೆಗಳು ಕುಡಿಯುತ್ತವೆ. ಊರವರು ಇದನ್ನು ಹೊಸ್ತಿಲಗುಡ್ಡ ಎನ್ನುತ್ತಾರೆ. ಇದು ಯಾವುದೋ ದೇವಸ್ಥಾನದ ಅವಶೇಷವೆಂದು ಹೊಸಬರು ತಿಳಿಯುವುದುಂಟು. ದೇವಸ್ಥಾನ ಇಲ್ಲಿ ಎಂದೂ ಇರಲಿಲ್ಲ.

ಹಿಂದೆ ಒಮ್ಮೆ, ಘಟ್ಟದ ಮೇಲಿನ ಅರಸರ ಕಾಲದಲ್ಲಿ, ಕಂಚಿಕೋಡಿ ಒಳ್ಳೆಮೆಣಸಿಗೆ ಹೆಸರಾದ ಬಂದರಾಗಿತ್ತು. ಅಲ್ಲಿ ಪಾಯಣ್ಣ ಶೆಟ್ಟಿ ಎಂಬ ಜೈನ ವರ್ತಕನಿದ್ದ. ಒಂದು ಹಿಡಿ ಮೆಣಸನ್ನು ಮೂಸಿ ಅದು ಯಾವ ಸೀಮೆಯ ಬಳ್ಳಿ, ಎಷ್ಟು ಬಿಸಿಲು ಕಂಡಿದೆ ಎಂದು ಹೇಳಬಲ್ಲವನಾಗಿದ್ದ. ಸುಳ್ಳು ಹೇಳುವವನಲ್ಲ. ಆದರೆ ಕೇಳದ ನಿಜವನ್ನು ತಾನಾಗಿ ಹೇಳುವ ಚಾಳಿಯೂ ಅವನಿಗಿರಲಿಲ್ಲ. ಬಂದರಿನಲ್ಲಿ ಹೊರಗಿನವರಿಗೆ ಎರಡು ಕೇರಿಗಳಿದ್ದವು. ಅಳಿವೆಯ ಪಡುವಣ ದಂಡೆಯಲ್ಲಿ ಯೂರೋಪಿನ ಟೋಪಿಯವರ ಫರಂಗಿಕೇರಿ, ಅವರದೊಂದು ಇಗರ್ಜಿ. ಮೂಡಣ ದಂಡೆಯಲ್ಲಿ ಅರಬರು, ಪಾರಸಿ ದೇಶದವರು ಇದ್ದ ಪರದೇಶಿ ಕೇರಿ, ಅವರದೊಂದು ಮಸೀದಿ. ಹಡಗಿನಿಂದ ಇಳಿದವನು ಈ ದಂಡೆಗೋ ಆ ದಂಡೆಗೋ ಸೇರುತ್ತಿದ್ದ. ಹೀಗಿರುವಾಗ ಒಬ್ಬ ಮನುಷ್ಯ ಐದು ವರ್ಷದ ಹೆಣ್ಣುಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿಳಿದ. ತಲೆಗೆ ಟೋಪಿಯೂ ಅಲ್ಲದ, ಮುಂಡಾಸೂ ಅಲ್ಲದ ಕುರಿತೊಗಲಿನ ಕುಲಾವಿ. ಕೊರಳಲ್ಲಿ ಶಿಲುಬೆ, ಆಡುವ ಮಾತು ಪಾರಸಿ. ಪಡುವಣ ದಂಡೆಯವರು ಅವನ ಮಾತು ಕೇಳಿ ಆ ದಂಡೆಗೆ ಹೋಗೆಂದರು. ಮೂಡಣ ದಂಡೆಯವರು ಕೊರಳು ನೋಡಿ ಪಡುವಣಕ್ಕೇ ಹೋಗೆಂದರು. ಕೊನೆಗೆ ಪಾಯಣ್ಣ ಶೆಟ್ಟಿ ತನ್ನ ಮೆಣಸಿನ ಮಳಿಗೆಯ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟ. ದಯೆಗಿಂತ ಹೆಚ್ಚಾಗಿ, ಆ ಮನುಷ್ಯ ಸರಕು ನೋಡುವ ರೀತಿ ಶೆಟ್ಟಿಗೆ ಹಿಡಿಸಿತ್ತು ಎನ್ನುತ್ತಾರೆ. ಅವನ ಹೆಸರು ಅವೆತ್. ವರ್ತಕರು ಅವನನ್ನು ಖೋಜಾ ಎಂದು ಗೌರವದಿಂದ ಕರೆಯುತ್ತಿದ್ದರು. ಮಗಳ ಹೆಸರು ಶುಶಾನ್. ತಾಯಿ ಹಾದಿಯಲ್ಲೇ ತೀರಿಕೊಂಡಿದ್ದಳು.

ಒಂದು ದಿನ ಶೆಟ್ಟಿ ಜಗಲಿಯಲ್ಲಿ ಕೂತು, "ಅಲ್ಲ ಖೋಜಾರೇ, ನಿಮ್ಮ ದೇಶ ಇರೋದಾದರೂ ಎಲ್ಲಿ?" ಎಂದು ಕೇಳಿದ. ಅವೆತ್ ಮೆಣಸಿನ ಕಾಳನ್ನು ಗುಡ್ಡೆ ಮಾಡಿ, ಪಕ್ಕದಲ್ಲಿ ಇನ್ನೊಂದು ಚಿಕ್ಕ ಗುಡ್ಡೆ ಮಾಡಿದ. ನಮ್ಮ ದೇಶ ಅರ್ಮೇನಿಯ, ಇದು ಅಲ್ಲಿಯ ಜೋಡಿಬೆಟ್ಟ, ತಲೆಯ ಮೇಲೆ ಸದಾ ಹಿಮ ಎಂದ. ಅದರ ಪಡುವಣಕ್ಕೆ ಯೂರೋಪಿನ ದಾರಿ, ಮೂಡಣಕ್ಕೆ ಏಷ್ಯಾದ ದಾರಿ. ಯಾರ ದಂಡು ಯಾರ ಮೇಲೆ ಹೊರಟರೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಮ್ಮ ಹೊಲದ ಮೇಲೇ ಹಾಯಬೇಕು. ಹಾಗೆ ಹಾಯ್ದ ಪಾರಸಿಯ ಷಹ ಒಬ್ಬ ಮುತ್ತಜ್ಜನ ಕಾಲದಲ್ಲಿ ಊರಿಗೆ ಊರನ್ನೇ ಎಬ್ಬಿಸಿ ತನ್ನ ನಾಡಿಗೆ ಅಟ್ಟಿಕೊಂಡು ಹೋದನಂತೆ. "ಬೆಟ್ಟವನ್ನು ನಾನು ಕಂಡಿಲ್ಲ ಶೆಟ್ಟರೇ. ನಮ್ಮಪ್ಪನೂ ಕಂಡಿರಲಿಲ್ಲ." ಶೆಟ್ಟಿ ನಕ್ಕು, "ಕಾಣದ ಬೆಟ್ಟವನ್ನು ಇಷ್ಟು ಕರಾರುವಾಕ್ಕಾಗಿ ಮಾಡಿದಿರಲ್ಲ ಮಾರಾಯರೇ! ನೋಡಿದ್ದರೆ ಹೊತ್ತುಕೊಂಡೇ ಬರುತ್ತಿದ್ದಿರಿ" ಎಂದ. ಅವೆತ್ ಕೂಡ ನಕ್ಕ. ಆಮೇಲೆ, "ಎರಡು ದೊಡ್ಡ ಕೋಣೆಗಳ ನಡುವಿನ ಹೊಸ್ತಿಲು ನಮ್ಮ ದೇಶ. ಅಷ್ಟೇ" ಎಂದ.

ಮಗು ಈ ಮಾತನ್ನು ಹಿಡಿದುಕೊಂಡಿತು. ಶೆಟ್ಟಿಯ ತಾಯಿ ಪದುಮಕ್ಕ ದಿನವೂ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡುವವಳು. ಅದರ ಮೇಲೆ ಯಾರ ಕಾಲು ಸೋಕಿದರೂ ಸಹಿಸಳು. ಶುಶಾನ್ ಹೋಗಿ ಅಲ್ಲೇ ಕೂರುವಳು. "ಏಳೇ, ಏಳೇ! ಹೊಸ್ತಿಲ ಮೇಲೆ ಕೂತರೆ ಮನೆಗೆ ಆಗಿಬರೋದಿಲ್ಲ" ಎಂದು ಮುದುಕಿ ಗದರಿದರೆ, "ನಮ್ಮ ದೇಶದವರೆಲ್ಲ ಕೂತಿರೋದು ಅಲ್ಲೇ ಅಂತೆ ಅಜ್ಜಿ. ನಾನು ಎಲ್ಲಿ ಕೂರಲಿ?" ಎನ್ನುವಳು. ಬೆಳೆಯುತ್ತ ಬೆಳೆಯುತ್ತ ಅವಳ ನಾಲಗೆಯಲ್ಲಿ ಕನ್ನಡವೇ ಮುಂದಾಯಿತು. ಪದುಮಕ್ಕನ ಕೈ ನಡುಗತೊಡಗಿದ ಮೇಲೆ ಆ ಮನೆಯ ಹೊಸ್ತಿಲಿಗೆ ರಂಗೋಲಿ ಎಳೆಯುತ್ತಿದ್ದವಳೂ ಶುಶಾನಳೇ. ಶೆಟ್ಟಿಗೆ ಮಕ್ಕಳಿರಲಿಲ್ಲ. ಅವನನ್ನು ಅವಳು ಮಾಮ ಎಂದೇ ಕರೆಯುತ್ತಿದ್ದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನ ಬೆಳಿಗ್ಗೆ, ತಂದೆ ತಲೆಯ ಬಳಿ, ಶೆಟ್ಟಿ ಬಾಗಿಲ ಬಳಿ ಇರುವಾಗ, ಅವಳು ತನ್ನ ಕಡೆಯ ಆಸೆ ಹೇಳಿದಳು. ಅವೆತನ ಅಜ್ಜಿಯನ್ನು ಪಾರಸಿ ದೇಶದಲ್ಲಿ ಅವರ ಕೇರಿಯ ಇಗರ್ಜಿಯ ಹೊಸ್ತಿಲಡಿಯಲ್ಲಿ ಹೂಳಿದ್ದರು. ತಮ್ಮನ್ನು ಜನ ತುಳಿದುಕೊಂಡು ಒಳಗೆ ಹೋಗಲಿ ಎಂದು ಕೇಳಿಕೊಳ್ಳುವುದು ಆ ಜನರಲ್ಲಿ ಹಿಂದಿನಿಂದ ಬಂದದ್ದು. ಕಲ್ಲಿನ ಮೇಲಿನ ಹೆಸರು ನಡೆಯುವವರ ಕಾಲಿಗೆ ಸವೆದು, ಕೊನೆಯ ಅಕ್ಷರ ಅಳಿಸಿಹೋದ ದಿನ ಜೀವ ತನ್ನ ಊರು ಮುಟ್ಟುತ್ತದೆ ಎಂದು ಆ ಅಜ್ಜಿ ಹೇಳುತ್ತಿದ್ದಳಂತೆ. "ಅಪ್ಪ, ನನ್ನನ್ನೂ ಜನ ಓಡಾಡುವ ಕಡೆ ಇಡು. ಒಂಟಿಯಾಗಿ ಇಡಬೇಡ" ಎಂದಳು ಶುಶಾನ್. ಆಮೇಲೆ ಬಾಗಿಲ ಕಡೆ ತಿರುಗಿ, "ಹೊಸ್ತಿಲ ಮೇಲೆ ಮಲಗಿದಳು ಅಂತ ಪದುಮಜ್ಜಿ ಬೈದರೆ ನೀವೇ ಸಮಾಧಾನ ಹೇಳಬೇಕು ಮಾಮ" ಎಂದಳು. ಹೊತ್ತು ಏರುವುದರೊಳಗೆ ಹೋಗಿಬಿಟ್ಟಳು.

ಅವೆತ್ ಮೊದಲು ಫರಂಗಿಕೇರಿಗೆ ಹೋದ. ನಿಮ್ಮ ಶಿಲುಬೆಯ ದಾರಿ ಬೇರೆ, ನೀವು ಏಷ್ಯಾದವರು, ಇಗರ್ಜಿಯ ಬಾಗಿಲಲ್ಲಿ ನಮ್ಮವರಿಗೇ ಜಾಗವಿಲ್ಲ ಎಂದು ಅಲ್ಲಿಯ ಪಾದ್ರಿ ಮೆತ್ತಗೇ ಹೇಳಿದ. ಅಲ್ಲಿಂದ ದೋಣಿಯಲ್ಲಿ ಪರದೇಶಿ ಕೇರಿಗೆ ಹೋದ. ಆ ಕೇರಿಯ ಮುಖಂಡ ಎದ್ದು ಬಂದು ಕೈ ಹಿಡಿದುಕೊಂಡು ಅತ್ತ; ಆದರೆ ಶಿಲುಬೆಯವರ ಮಗಳನ್ನು ಮಣ್ಣು ಮಾಡಬೇಕಾದದ್ದು ಟೋಪಿಯವರಲ್ಲವೇ ಎಂದ. ಅವೆತ್ ಹಿಂದಿರುಗಿ ಮಗಳ ಪಕ್ಕದಲ್ಲಿ ಕೂತ. ಬಿಸಿಲು ಏರುತ್ತಿತ್ತು. ಆಗ ಶೆಟ್ಟಿ ಗದ್ದೆಬಯಲಿನಾಚೆ ತನಗೆ ಸೇರಿದ ಬೋಳುಗುಡ್ಡದ ಮಾತೆತ್ತಿದ. ಘಟ್ಟದಿಂದ ಇಳಿಯುವ ಹೇರೆತ್ತುಗಳೆಲ್ಲ ಅದರ ನೆತ್ತಿಯಲ್ಲೇ ಹಾಯಬೇಕು. ಅಲ್ಲೊಂದು ಅರವಟ್ಟಿಗೆ ಕಟ್ಟಿಸಿ, ದಾರಿ ಅದರ ಬಾಗಿಲೊಳಗೇ ಹೋಗುವಂತೆ ಮಾಡಿದರೆ ನೀರು ಮಜ್ಜಿಗೆಗೆ ನಿಲ್ಲದವರುಂಟೇ? "ಇಗರ್ಜಿಗೆ ವಾರಕ್ಕೊಮ್ಮೆ ಜನ. ಇಲ್ಲಿ ದಿನಕ್ಕೆ ಸಾವಿರ ಕಾಲು ಖೋಜಾರೇ" ಎಂದ. ಅವೆತ್ ತಲೆಯೆತ್ತಿ, "ಸಾವಿರ ಕಾಲು?" ಎಂದ. "ಸಾವಿರಕ್ಕೆ ಕಡಿಮೆ ಇಲ್ಲ." ಹೇಳುತ್ತಿರುವಾಗಲೇ ಶೆಟ್ಟಿಗೆ ಗೊತ್ತಿತ್ತು, ಆ ಸಾವಿರದಲ್ಲಿ ಒಂದು ಕಾಲೂ ಹೊಸ್ತಿಲನ್ನು ತುಳಿಯುವುದಿಲ್ಲ ಎಂದು. ತನ್ನ ತಾಯಿಯ ಮನೆಯಲ್ಲಿ ಬೆಳೆದವನಿಗೆ ಅದು ಗೊತ್ತಿರದೆ ಹೇಗೆ? ಅವೆತ್ ಮಾತ್ರ ಅದನ್ನು ಪದುಮಕ್ಕನೊಬ್ಬಳ ಮಡಿಯೆಂದೇ ತಿಳಿದಿದ್ದ. ಆದರೂ ಗಿರಾಕಿ ಒಪ್ಪಿದ ಮೇಲೆ ಸರಕಿನ ದೋಷ ಬಿಚ್ಚಿಡುವ ರೂಢಿ ಪೇಟೆಯಲ್ಲಿಲ್ಲ. ಮೇಲಾಗಿ, ಬೆಳಗಿನಿಂದ ಮೊದಲ ಬಾರಿಗೆ ಆ ಮನುಷ್ಯನ ಮುಖ ಮನುಷ್ಯನ ಮುಖದಂತಾಗಿತ್ತು. ಶೆಟ್ಟಿ ಆ ಮಾತನ್ನು ನುಂಗಿಕೊಂಡ. ಆ ದಿನ ಮಧ್ಯಾಹ್ನ ಶುಶಾನಳನ್ನು ಗುಡ್ಡದ ನೆತ್ತಿಯಲ್ಲಿ ಮಣ್ಣು ಮಾಡಿದರು.

ಕಲ್ಲು ಘಟ್ಟದ ಮೇಲಿನಿಂದ ಬಂತು. ಕಪ್ಪುಕಲ್ಲು ಬೇಡ, ಮೆದುವಾದ ಬಳಪದ ಕಲ್ಲೇ ಬೇಕು ಎಂದು ಅವೆತ್ ಹಟ ಹಿಡಿದ. ಕೆತ್ತಲು ಬಂದ ಈರಾಚಾರಿ, "ಬಾಳುವ ಕಲ್ಲು ಕೊಡಿ ಅಂತ ಕೇಳುವವರನ್ನು ಕಂಡಿದ್ದೇನೆ ಧಣಿ. ಸವೆಯುವ ಕಲ್ಲು ಕೊಡಿ ಅಂದವರು ನೀವೊಬ್ಬರೇ" ಎಂದನಂತೆ. ಅವೆತ್ ಇದ್ದಿಲಿನಲ್ಲಿ ಮಗಳ ಹೆಸರನ್ನು ತಮ್ಮ ಲಿಪಿಯ ಆರು ಅಕ್ಷರಗಳಲ್ಲಿ ಬರೆದುಕೊಟ್ಟ. ಅರವಟ್ಟಿಗೆ ಎದ್ದಿತು, ನೀರಿನ ಹರವಿಗಳು ಬಂದವು, ಹೇರಿನವರು ನಿಲ್ಲತೊಡಗಿದರು. ಅವೆತ್ ದಿನವೂ ಬೆಳಿಗ್ಗೆ ಹೋಗಿ ಒಳಗಿನ ಕಟ್ಟೆಯ ಮೇಲೆ ಕೂತು ಹೊಸ್ತಿಲನ್ನೇ ನೋಡುತ್ತಿದ್ದ. ಬಂದವರೆಲ್ಲ ಬಾಗಿಲ ಬಳಿ ಒಂದು ಗಳಿಗೆ ನಿಂತು, ಬಗ್ಗಿ, ಹೊಸ್ತಿಲನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಾಲೆತ್ತಿ ದಾಟಿ ಹೋಗುತ್ತಿದ್ದರು. ಎತ್ತುಗಳನ್ನು ಪಕ್ಕದಿಂದ ಬಳಸಿ ಹೊಡೆಯುತ್ತಿದ್ದರು. ಹೊಸ್ತಿಲಡಿಯಲ್ಲಿ ಹೆಣ್ಣುಮಗಳೊಬ್ಬಳು ಮಲಗಿದ್ದಾಳೆಂಬ ಸುದ್ದಿ ಹಬ್ಬಿದ ಮೇಲಂತೂ ಅರಿಸಿನ ಬಂತು, ಹೂವು ಬಂತು. ಒಂದು ತಿಂಗಳು ಕಳೆದ ಮೇಲೆ ಅವೆತ್ ಒಬ್ಬ ಹೇರಿನವನ ತೋಳು ಹಿಡಿದು, "ತುಳಿಯಪ್ಪ, ದಮ್ಮಯ್ಯ, ಒಂದು ಸಲ ತುಳಿದು ಹೋಗು" ಎಂದು ಬೇಡಿಕೊಂಡ. ಅವನು ಬೆದರಿ, "ಶಿವ ಶಿವಾ, ಎಂಥ ಮಾತು ಧಣಿ! ನಾನೂ ಹೆಣ್ಣುಮಕ್ಕಳನ್ನು ಹೆತ್ತವನು" ಎಂದು ಕೈ ಮುಗಿದು, ಇನ್ನಷ್ಟು ಎತ್ತರ ಕಾಲೆತ್ತಿ ದಾಟಿದ.

ಅಂದು ಸಂಜೆ ಅವೆತ್ ಮಳಿಗೆಗೆ ಬಂದ. "ನಿಮ್ಮವರು ಹೊಸ್ತಿಲು ತುಳಿಯುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ ಶೆಟ್ಟರೇ?"

"ಗೊತ್ತಿತ್ತು" ಎಂದ ಪಾಯಣ್ಣ ಶೆಟ್ಟಿ. ಕೇಳಿದ ಮೇಲೆ ಸುಳ್ಳು ಹೇಳುವವನಲ್ಲವಲ್ಲ. "ಅದು ಮರ್ಯಾದೆ ಖೋಜಾರೇ. ಅವರು ಅವಳಿಗೆ ಮರ್ಯಾದೆ ಕೊಡುತ್ತಿದ್ದಾರೆ."

ಅವೆತ್, "ನನ್ನ ದೇಶವನ್ನು ಎರಡೂ ಕಡೆಯವರು ತುಳಿದರು. ಬೇಡ ಬೇಡವೆಂದರೂ ತುಳಿದರು. ನನ್ನ ಮಗಳ ಕಲ್ಲನ್ನು ತುಳಿಯಿರೆಂದು ಬೇಡುತ್ತಿದ್ದೇನೆ, ಒಬ್ಬರೂ ತುಳಿಯುತ್ತಿಲ್ಲ" ಎಂದ.

ಮರುದಿನ ಬೆಳಿಗ್ಗೆ ಅವನು ಶೆಟ್ಟಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, "ನೀವಾದರೂ" ಎಂದು ಕೇಳಿದ. ಶೆಟ್ಟಿ ಚಪ್ಪಲಿ ಬಿಟ್ಟ, ಹೊಸ್ತಿಲ ಮುಂದೆ ನಿಂತ, ಬಲಗಾಲು ಎತ್ತಿದ. ಐದು ವರ್ಷದ ಹುಡುಗಿಯೊಂದು ಅಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು, ಎಲ್ಲಿ ಕೂರಲಿ ಎಂದು ಕೇಳಿದಂತಾಯಿತು. ಎತ್ತಿದ ಕಾಲನ್ನು ಅವನು ಇದ್ದಲ್ಲೇ ಕೆಳಗಿಟ್ಟ. ಅವೆತ್ ತಲೆಯಾಡಿಸಿದ, ಬೈಯಲಿಲ್ಲ. ಮಳೆಗಾಲಕ್ಕೆ ಮುಂಚೆ ಅವನು ಊರು ಬಿಟ್ಟ. ಕಡಲ ದಾರಿ ಹಿಡಿದನೆಂದು ಕೆಲವರು, ಘಟ್ಟದ ದಾರಿ ಹಿಡಿದನೆಂದು ಕೆಲವರು ಹೇಳುತ್ತಾರೆ. ಬೆಟ್ಟ ಕಂಡನೋ ಇಲ್ಲವೋ, ಸುದ್ದಿ ಬರಲಿಲ್ಲ.

ಅವನು ಹೋದ ಮರುದಿನ ಪಾಯಣ್ಣ ಶೆಟ್ಟಿ ಒಬ್ಬನೇ ಗುಡ್ಡ ಹತ್ತಿ, ಕಣ್ಣು ಮುಚ್ಚಿಕೊಂಡು ಎಡಗೊನೆಯ ಅಕ್ಷರದ ಮೇಲೆ ಕಾಲಿಟ್ಟ. ಅಂದಿನಿಂದ ಅದು ಅವನ ನಿತ್ಯದ ಕೆಲಸವಾಯಿತು. ನದಿಯಿಂದ ತಂದ ಮರಳನ್ನು ಹಿಡಿಯಷ್ಟು ಉದುರಿಸಿ, ಅದರ ಮೇಲೆ ಬರಿಗಾಲಿನಲ್ಲಿ ಹೋಗಿ ಬಂದು ಮಾಡುತ್ತಿದ್ದನಂತೆ. ಹೇರಿನವರು ಅವನನ್ನು ಕಂಡು ಮುಖ ತಿರುಗಿಸಿದರು. ಪೇಟೆಯಲ್ಲಿ, ಹೆಣದ ಮೇಲೆ ಕಾಲಿಡುವ ಶೆಟ್ಟಿ ಎಂಬ ಹೆಸರು ಬಂತು. ಪದುಮಕ್ಕ ಮಾತ್ರ, ಬದುಕಿದ್ದಷ್ಟು ಕಾಲ, ಮಗ ಗುಡ್ಡದಿಂದ ಬಂದಾಗ ಕಾಲಿಗೆ ನೀರು ಕೊಟ್ಟು, "ಎಷ್ಟು ಹೋಯ್ತಪ್ಪ?" ಎಂದು ಕೇಳುತ್ತಿದ್ದಳು. "ಇನ್ನೂ ಕಾಣ್ತದಮ್ಮ" ಎನ್ನುತ್ತಿದ್ದ ಅವನು. ಮೂವತ್ತೊಂದು ವರ್ಷ ಹೀಗೆ ನಡೆಯಿತು ಎನ್ನುತ್ತಾರೆ. ಬರಿಗಾಲಿಗೆ ಕಲ್ಲು ಸವೆಯುವುದುಂಟೇ ಎಂದು ಕೇಳುವವರಿದ್ದಾರೆ. ಬಳಪದ ಕಲ್ಲು, ನದಿಮರಳು, ಮೂವತ್ತೊಂದು ವರ್ಷ. ಲೆಕ್ಕ ಅವರವರೇ ಹಾಕಿಕೊಳ್ಳಬಹುದು. ಮೊದಲ ಅಕ್ಷರ ಪೂರ್ತಿ ಅಳಿಸಿದ ವರ್ಷ ಶೆಟ್ಟಿ ತೀರಿಕೊಂಡ. ಅವನ ಬಳಿಕ ಆ ಕೆಲಸಕ್ಕೆ ಯಾರೂ ಬರಲಿಲ್ಲ.

ಅರವಟ್ಟಿಗೆಯ ಗೋಡೆಗಳು ಎಂದೋ ಬಿದ್ದುಹೋಗಿವೆ, ಹೇರುದಾರಿಯಲ್ಲಿ ಹುಲ್ಲು ಬೆಳೆದಿದೆ. ಕಾಗೆ ನೀರು ಕುಡಿಯುವ ಆ ತಗ್ಗು ಇರುವುದು ಮೊದಲ ಅಕ್ಷರವಿದ್ದ ಜಾಗದಲ್ಲಿ. ಅದರ ಮುಂದೆ ಐದು ಅಕ್ಷರಗಳು ನಿನ್ನೆ ಮೊನ್ನೆ ಕೆತ್ತಿದಷ್ಟು ಚೂಪಾಗಿ ಉಳಿದಿವೆ. ಬೆರಳಾಡಿಸಿದರೆ ಅಂಚು ತಾಗುತ್ತದೆ. ಹುಲ್ಲು ಕೊಯ್ಯಲು ಹೋಗುವ ಹೆಂಗಸರು ಈಗಲೂ ಅದಕ್ಕೆ ಅರಿಸಿನ ಹಚ್ಚುತ್ತಾರೆ. ನೋಡಲು ಹೋದವರಿಗೆ ಚಪ್ಪಲಿ ಬಿಡಲು ಹೇಳುತ್ತಾರೆ, ಕಾಲು ತಾಗೀತೆಂದು ಎಚ್ಚರಿಸುತ್ತಾರೆ. ಸುತ್ತ ಗೋಡೆಯೇ ಇಲ್ಲ, ಯಾವ ಕಡೆಯಿಂದಲಾದರೂ ಹೋಗಬಹುದು. ಆದರೂ ಬಂದವರೆಲ್ಲ ಬಾಗಿಲ ಮುಂದೆ ಬಂದು ನಿಂತು, ಬಗ್ಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲು ಮರ್ಯಾದೆಯಿಂದ ಅವಳನ್ನು ದಾಟಿ ಹೋಗುತ್ತಾರೆ.