ಇಬ್ಬರು ತಂದ ಗಂಜಿ

ತರುಣ ಉಪದೇಶಿ ಮನೋಹರನು ಒಂದು ದಿನ ತನ್ನ ಗುರುಗಳಾದ ಬೆನ್ಯಾಮೀನ ಅಯ್ಯನವರನ್ನು ಕೇಳಿದನು: "ಅಯ್ಯಾ, ಹೊಟ್ಟೆಕಿಚ್ಚಿನಿಂದ ಮಾಡಿದ ಸೇವೆಯನ್ನು ದೇವರು ಒಪ್ಪಿಕೊಳ್ಳುತ್ತಾನೆಯೇ?"

ಅಯ್ಯನವರು ನಲವತ್ತು ವರ್ಷ ಚರ್ಚಿನ ಸಭಾಪಾಲಕರಾಗಿದ್ದು ನಿವೃತ್ತರಾದವರು. ಯಾರ ಹೊಟ್ಟೆಕಿಚ್ಚು ಎಂದು ಅವರು ಕೇಳಲಿಲ್ಲ. ಮನೋಹರನ ಜೊತೆಗಾರನಾದ ಇನ್ನೊಬ್ಬ ಉಪದೇಶಿಯ ಪ್ರಸಂಗ ಕೇಳಲು ಜನ ದೂರದಿಂದ ನಡೆದು ಬರುತ್ತಾರೆಂಬುದು ಅವರಿಗೆ ಗೊತ್ತಿತ್ತು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಅವರು ಹೇಳತೊಡಗಿದರು.

ಕರಾವಳಿಯ ಒಂದು ಊರಿನಲ್ಲಿ ಎಂಬತ್ತು ಮನೆಗಳ ಒಂದು ಕ್ರೈಸ್ತ ಸಭೆ ಇತ್ತು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವವರು, ಶಾಲೆಯಲ್ಲಿ ಕಲಿಸುವವರು, ಹೊಲಿಗೆ ಮಾಡುವವರು ಆ ಸಭೆಯ ಜನ. ಅಲ್ಲಿ ಯೂನೀಸಮ್ಮ ಎಂಬ ಹೆಂಗಸು ಇದ್ದಳು. ಇಪ್ಪತ್ತು ವರ್ಷಗಳಿಂದ ಅವಳೇ ಸ್ತ್ರೀ ಸಮಾಜದ ಅಧ್ಯಕ್ಷೆ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬಾಗಿಲು ತಟ್ಟುವವಳು ಅವಳು. ಬಾಣಂತಿಯ ಮನೆಗೂ ಅವಳೇ ಬೇಕು, ಸಾವಿನ ಮನೆಗೂ ಅವಳೇ ಬೇಕು. ಅವಳು ಕಪಟಿಯಲ್ಲ. ಮಾಡುವುದನ್ನು ಮನಸ್ಸಿಟ್ಟೇ ಮಾಡುತ್ತಿದ್ದಳು. ಆದರೆ ಮಾಡಿದ್ದನ್ನು ನಾಲ್ಕು ಜನ ಹೊಗಳಿದ ದಿನ ಅವಳಿಗೆ ಊಟ ಹೆಚ್ಚು ರುಚಿಸುತ್ತಿತ್ತು.

ಚರ್ಚಿನ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಕಣ್ಣು ಕಾಣದು, ಕಾಲು ಏಳದು, ಹಿಂದೆ ಮುಂದೆ ಯಾರೂ ಇಲ್ಲ. ಪ್ರತಿ ಶನಿವಾರ ಯೂನೀಸಮ್ಮ ಅವಳಿಗೆ ಗಂಜಿ ಒಯ್ಯುತ್ತಿದ್ದಳು. ಉಳಿದ ದಿನಗಳಲ್ಲಿ ನೆರೆಯವರು ನೆನಪಾದಾಗ ಕೊಟ್ಟದ್ದೇ ಅಜ್ಜಿಯ ಊಟ. ಅಷ್ಟು ಸಾಕು ಎಂದು ಎಲ್ಲರೂ ತಿಳಿದಿದ್ದರು. ಯೂನೀಸಮ್ಮನೂ ಹಾಗೆಯೇ ತಿಳಿದಿದ್ದಳು.

ಹೀಗಿರುವಾಗ ಅಂಚೆ ಕಚೇರಿಗೆ ಹೊಸ ಗುಮಾಸ್ತನೊಬ್ಬನು ವರ್ಗವಾಗಿ ಬಂದನು. ಅವನ ಹೆಂಡತಿ ಕೃಪಾವತಿ. ವಯಸ್ಸು ಕಡಿಮೆ, ಮಾತು ಇನ್ನೂ ಕಡಿಮೆ. ಯೂನೀಸಮ್ಮನೇ ಒಂದು ಶನಿವಾರ ಅವಳನ್ನು ಕರೆದುಕೊಂಡು ಹೋಗಿ ಅಜ್ಜಿಯನ್ನು ತೋರಿಸಿದಳು. ಮರುದಿನದಿಂದ ಕೃಪಾವತಿ ಯಾರಿಗೂ ಹೇಳದೆ ದಿನವೂ ಅಲ್ಲಿಗೆ ಹೋಗತೊಡಗಿದಳು. ಅಜ್ಜಿಗೆ ಗಂಜಿ ಉಣ್ಣಿಸಿದಳು, ತಲೆ ಬಾಚಿದಳು, ಉಗುರು ಕತ್ತರಿಸಿದಳು, ಪಕ್ಕದಲ್ಲಿ ಕುಳಿತು ಸತ್ಯವೇದ ಓದಿದಳು. ಅವಳು ಹೇಳದಿದ್ದರೂ ಓಣಿಯವರ ಬಾಯಿಂದ ಸುದ್ದಿ ಸಭೆಗೆಲ್ಲ ತಿಳಿಯಿತು.

ಒಂದು ಭಾನುವಾರ ಸಭಾಪಾಲಕರು ಪ್ರಕಟಣೆಗಳನ್ನು ಓದಿ ಮುಗಿಸಿ, "ನಮ್ಮ ಸಭೆಗೆ ಹೊಸದಾಗಿ ಬಂದ ಸಹೋದರಿ ಕೃಪಾವತಿಯವರಿಗಾಗಿ ದೇವರನ್ನು ಸ್ತುತಿಸೋಣ" ಎಂದರು. ಅಷ್ಟೇ. ಜನ ಹಾಡಲು ಎದ್ದರು. ಯೂನೀಸಮ್ಮನೂ ಎದ್ದಳು, ಆದರೆ ಬಾಯಿ ತೆರೆಯಲಾಗಲಿಲ್ಲ. ಎದೆಯೊಳಗೆ ಕೆಂಡ ಇಟ್ಟಂತಾಯಿತು. ಇಪ್ಪತ್ತು ವರ್ಷ ಸವೆದವಳು ನಾನು, ಇಪ್ಪತ್ತು ದಿನಕ್ಕೇ ಹೆಸರು ಇವಳದೇ ಎಂದು ಒಳಗೆ ಕುದಿಯಿತು. ಆರಾಧನೆ ಮುಗಿದ ಮೇಲೆ ಅವಳು ಬಾಗಿಲ ಬಳಿ ನಿಂತು ಕೃಪಾವತಿಯ ಕೈ ಹಿಡಿದು ನಕ್ಕಳು. ಮನೆಗೆ ಬಂದು ಸೆರಗಿನಿಂದ ಆ ಕೈಯನ್ನು ಒರಸಿಕೊಂಡಳು.

ಸೋಮವಾರ ಬೆಳಿಗ್ಗೆ ಕೃಪಾವತಿ ಗಂಜಿ ತಂದಾಗ ಅಜ್ಜಿಯ ಹೊಟ್ಟೆ ತುಂಬಿತ್ತು. ಯೂನೀಸಮ್ಮ ಒಂದು ಗಂಟೆ ಮೊದಲೇ ಬಂದು ಹೋಗಿದ್ದಳು. ಕೃಪಾವತಿ ಬೇಸರಪಡಲಿಲ್ಲ. ತಂದದ್ದನ್ನು ಮಧ್ಯಾಹ್ನಕ್ಕೆ ಮುಚ್ಚಿಟ್ಟು, ಅಜ್ಜಿಯ ಹೊದಿಕೆ ಒಗೆದು ಹೋದಳು. ಅದನ್ನು ಕಂಡ ಯೂನೀಸಮ್ಮ ಮರುದಿನ ಹೊಸ ಹೊದಿಕೆಯನ್ನೇ ತಂದಳು. ಕೃಪಾವತಿ ಚಟ್ನಿ ತಂದರೆ ಇವಳು ಮೀನಿನ ಸಾರು ತಂದಳು. ಕೃಪಾವತಿ ಒಂದು ಅಧ್ಯಾಯ ಓದಿದರೆ ಇವಳು ಎರಡು ಓದಿದಳು. ವಾರಕ್ಕೊಮ್ಮೆ ಗಂಜಿ ಕಾಣುತ್ತಿದ್ದ ಅಜ್ಜಿ ದಿನಕ್ಕೆ ಎರಡು ಸಲ, ಮೂರು ಸಲ ಉಂಡಳು. ಅವಳ ಕೆನ್ನೆ ತುಂಬಿಕೊಂಡಿತು. ಓಣಿಯವರು, "ಅಜ್ಜಿಗೆ ಮರುವಯಸ್ಸು ಬಂದಿದೆ" ಎಂದರು. ಯೂನೀಸಮ್ಮನಿಗೆ ಅದು ಸಾಲಲಿಲ್ಲ. ಮರುವಯಸ್ಸು ಯಾರಿಂದ ಬಂತು ಎಂದು ಅವರು ಹೇಳಿರಲಿಲ್ಲ.

ಒಂದು ದಿನ ತಡೆಯಲಾರದೆ ಅಜ್ಜಿಯನ್ನು ಕೇಳಿಯೇಬಿಟ್ಟಳು: "ಅಜ್ಜೀ, ಆ ಹುಡುಗಿಯ ಗಂಜಿ ಚೆನ್ನಾಗಿರುತ್ತದೋ, ನನ್ನದೋ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಇದೇನು ಕೇಳ್ತೀ ಮಗಳೇ? ಹಸಿವಾದಾಗ ಬಂದದ್ದು ಚೆನ್ನಾಗಿರ್ತದೆ."

ಯೂನೀಸಮ್ಮ ಆ ಮಾತನ್ನು ತಿರುವಿ ತಿರುವಿ ನೋಡಿದಳು. ನನ್ನದು ಎಂದು ಹೇಳಲಿಲ್ಲವಾದ್ದರಿಂದ ಅವಳದೇ ಇರಬೇಕು ಎಂದುಕೊಂಡಳು. ದಾರಿಯುದ್ದಕ್ಕೂ ಕಣ್ಣೀರು ಬಂತು. ಆ ವಾರದ ಸ್ತ್ರೀ ಸಮಾಜದ ಕೂಟಕ್ಕೆ ಕೃಪಾವತಿ ಬಂದಿರಲಿಲ್ಲ. ಯೂನೀಸಮ್ಮ ತಗ್ಗಿದ ದನಿಯಲ್ಲಿ, "ಪಾಪ, ಅವಳಿಗೆ ತಿಳಿಯದು. ಅವಳು ಕೊಡುವ ಊಟ ಅಜ್ಜಿಗೆ ಆಗುತ್ತಿಲ್ಲ. ಎರಡು ದಿನದಿಂದ ಹೊಟ್ಟೆ ಕೆಟ್ಟಿದೆ" ಎಂದಳು. ಅಜ್ಜಿಯ ಹೊಟ್ಟೆಗೆ ಏನೂ ಆಗಿರಲಿಲ್ಲ. ಹೆಂಗಸರು ತಲೆಯಾಡಿಸಿದರು. ಮಾತು ಎರಡೇ ದಿನದಲ್ಲಿ ಕೃಪಾವತಿಯ ಮನೆ ಮುಟ್ಟಿತು.

ಕೃಪಾವತಿ ಯಾರನ್ನೂ ಕೇಳಲಿಲ್ಲ, ಯಾರಿಗೂ ಉತ್ತರ ಕೊಡಲಿಲ್ಲ. ಅಂದಿನಿಂದ ಬರಿಗೈಯಲ್ಲಿ ಬರತೊಡಗಿದಳು. ಅಜ್ಜಿಯ ತಲೆ ಬಾಚಿ, ಕಾಲು ನೀವಿ ಹೋಗುತ್ತಿದ್ದಳು. ಗಂಜಿಯೆಲ್ಲ ಯೂನೀಸಮ್ಮನದೇ ಆಯಿತು. ಗೆದ್ದೆ ಎಂದುಕೊಂಡಳು. ಆದರೆ ಅವಳು ಒಳಗೆ ಬಂದಾಗಲೆಲ್ಲ ಅಜ್ಜಿ ಮುಖವೆತ್ತಿ, "ಯಾರು, ಕೃಪಾನಾ?" ಎಂದು ಕೇಳುತ್ತಿದ್ದಳು. ಆ ಎರಡು ಮಾತಿಗೆ ಗೆದ್ದದ್ದೆಲ್ಲ ಕೈಜಾರುತ್ತಿತ್ತು.

ಆರು ತಿಂಗಳಿಗೆ ಗುಮಾಸ್ತನಿಗೆ ಮತ್ತೆ ವರ್ಗವಾಯಿತು. ಸಭೆಯವರು ಬೀಳ್ಕೊಡುವ ಕೂಟ ಮಾಡಿದರು. ಮಾಲೆ ಹಾಕಿದವಳು ಯೂನೀಸಮ್ಮನೇ. ಆ ದಿನ ಅವಳ ಪ್ರಾರ್ಥನೆ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಬಸ್ಸು ತಿರುವು ದಾಟಿದಾಗ ಅವಳ ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು ಗಂಜಿ ಬೇಯಿಸಿದಳು. ಪಾತ್ರೆ ಹಿಡಿದು ಹೊಸ್ತಿಲವರೆಗೆ ಬಂದಳು. ಅಲ್ಲಿ ಕಾಲು ನಿಂತಿತು. ಇಂದು ಯಾರಿಗಿಂತ ಮೊದಲು ಹೋಗಬೇಕು? ಯಾರೂ ಇಲ್ಲ. ಅವಸರವೇನು, ಮಧ್ಯಾಹ್ನ ಹೋದರಾಯಿತು ಎಂದು ಪಾತ್ರೆ ಒಳಗಿಟ್ಟಳು. ಮಧ್ಯಾಹ್ನ ಬಿಸಿಲು ಹೆಚ್ಚಾಗಿತ್ತು. ಮರುದಿನ ಮನೆಗೆ ನೆಂಟರು ಬಂದರು. ಅದರ ಮರುದಿನ ನೆಪವೂ ಬೇಕಾಗಲಿಲ್ಲ. ಓಣಿಯವರು, ಯೂನೀಸಮ್ಮ ಇದ್ದಾಳಲ್ಲ ಎಂದು ಅಜ್ಜಿಯ ಕಡೆ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಐದನೆಯ ದಿನ ಶನಿವಾರ. ಹಳೆಯ ವಾಡಿಕೆ ಅವಳನ್ನು ಎಬ್ಬಿಸಿ ಕಳಿಸಿತು. ಬಾಗಿಲು ತಳ್ಳಿದಾಗ ಒಳಗೆ ಕೆಟ್ಟ ವಾಸನೆ ಇತ್ತು. ಅಜ್ಜಿ ಗೋಡೆಯ ಕಡೆ ಮುದುಡಿ ಮಲಗಿದ್ದಳು. ತುಟಿ ಒಡೆದಿತ್ತು. ಕೈಗೆಟಕುವ ಹೂಜಿಯಲ್ಲಿ ನೀರು ಇಷ್ಟೇ ಇಷ್ಟು ಉಳಿದಿತ್ತು.

"ಯಾರು?" ಎಂದಳು ಅಜ್ಜಿ.

"ನಾನು, ಯೂನೀಸಮ್ಮ."

"ಬಂದೆಯಾ ಮಗಳೇ," ಎಂದಳು ಅಜ್ಜಿ. "ನೀನು ತಪ್ಪಿಸುವವಳಲ್ಲ. ಕಾಯಿಲೆ ಬಿದ್ದೆಯೋ ಏನೋ ಅಂತ ಹೆದರಿದ್ದೆ. ನಾಲ್ಕು ದಿನವೂ ನಿನಗೋಸ್ಕರ ಪ್ರಾರ್ಥನೆ ಮಾಡಿದೆ."

ಯೂನೀಸಮ್ಮ ಗಂಜಿಯ ಪಾತ್ರೆ ಕೆಳಗಿಟ್ಟಳು. ಅವಳಿಗೆ ಅಳು ಬರಲಿಲ್ಲ. ಅಳುವ ಯೋಗ್ಯತೆಯೂ ತನಗಿಲ್ಲ ಎನ್ನಿಸಿತು. ಅಜ್ಜಿಯ ಮೈ ಒರಸಿ, ಬಟ್ಟೆ ಬದಲಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ತೊಟ್ಟು ತೊಟ್ಟಾಗಿ ಗಂಜಿಯ ತಿಳಿ ಕುಡಿಸಿದಳು. ಬಳಿಕ, ತಾನು ಆಡಿದ ಸುಳ್ಳನ್ನೂ ನಾಲ್ಕು ದಿನದ ಸೋಮಾರಿತನವನ್ನೂ ಒಂದೂ ಬಿಡದೆ ಹೇಳಿದಳು. ಅಜ್ಜಿ ನಡುವೆಯೇ ನಿದ್ದೆಹೋದಳು. ಹೇಳಿದ್ದರಲ್ಲಿ ಎಷ್ಟು ಅವಳ ಕಿವಿಗೆ ಬಿತ್ತೋ ತಿಳಿಯದು.

ಆಮೇಲೆ ಎರಡು ವರ್ಷ ಅಜ್ಜಿ ಬದುಕಿದಳು. ಒಂದು ದಿನವೂ ಯೂನೀಸಮ್ಮ ತಪ್ಪಿಸಲಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಒಮ್ಮೆ ಕೃಪಾವತಿಯ ಕಾಗದ ಬಂತು. ಅಜ್ಜಿ ಅದನ್ನು ಮೂರು ಸಲ ಓದಿಸಿ ಕೇಳಿದಳು. ಮೂರನೆಯ ಸಲ ಓದುವಾಗ ಯೂನೀಸಮ್ಮನ ಎದೆಯಲ್ಲಿ ಹಳೆಯ ಕೆಂಡ ಮತ್ತೆ ಮಿನುಗಿತು. ಆದರೂ ಒಂದಕ್ಷರ ನುಂಗದೆ ಪೂರ್ತಿ ಓದಿದಳು. ಅಷ್ಟು ಹೊತ್ತಿಗೆ ಹೊಸ ಸಭಾಪಾಲಕರು ಬಂದಿದ್ದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಪ್ರಕಟಣೆಯಲ್ಲಿ ಯಾರ ಹೆಸರೂ ಬರಲಿಲ್ಲ. ಅಜ್ಜಿ ಒಂದು ಬೆಳಿಗ್ಗೆ ಯೂನೀಸಮ್ಮನ ತೋಳಿನಲ್ಲಿ ಕಣ್ಣು ಮುಚ್ಚಿದಳು.

ಅಯ್ಯನವರು ಇಲ್ಲಿಗೆ ನಿಲ್ಲಿಸಿದರು. ಮನೋಹರನು ಮುಂದಕ್ಕೆ ಬಾಗಿ ಕುಳಿತಿದ್ದನು. "ಅಯ್ಯಾ, ಹಾಗಾದರೆ ದೇವರು ಒಪ್ಪಿಕೊಂಡದ್ದು ಯಾರ ಸೇವೆಯನ್ನು? ಯೂನೀಸಮ್ಮನದೋ, ಕೃಪಾವತಿಯದೋ?" ಎಂದು ಕೇಳಿದನು.

ಅಯ್ಯನವರು ಹೇಳಿದರು: "ನಾಲ್ಕು ದಿನ ಹಸಿದು ಬಿದ್ದಿದ್ದವಳ ಹೆಸರೇನೆಂದು ನೀನೂ ಕೇಳಲಿಲ್ಲವಲ್ಲ."