ನೀರಾನೆಯ ದವಡೆ

ಅಂದಾನಪ್ಪ ಮಾಸ್ತರು ಹೊಳೆಯ ದಂಡೆಯಲ್ಲಿ ಎಲುಬು ಹುಡುಕುತ್ತ ನಲವತ್ತೈದು ವರ್ಷ ಕಳೆದವರು. ನಿನ್ನೆ ಮೊನ್ನೆಯ ಎಲುಬಲ್ಲ. ಎಷ್ಟೋ ಸಾವಿರ ವರ್ಷ ಮಣ್ಣಲ್ಲಿ ಬಿದ್ದು ಕಲ್ಲಾಗಿಹೋದ ಆನೆಯ, ಕಾಡೆತ್ತಿನ, ನೀರಾನೆಯ ಎಲುಬು.

ಬಸ್ಸಿಳಿದು ಎರಡು ಹರದಾರಿ ನಡೆಯಬೇಕಾದ ಆ ಮೂಲೆಗೆ ಯಾರು ಹೋಗುತ್ತಾರೆ ಹೇಳಿ? ಆದರೂ ಶಿಷ್ಯರು ಬರುತ್ತಿದ್ದರು. ಬಂದವರು ಬಿಸಿಲಿಗೆ ಹೆದರಿ ಗಂಟುಮೂಟೆ ಕಟ್ಟುತ್ತಿದ್ದರು. ಇಂದುಧರ ಒಬ್ಬ ಉಳಿದ.

ಮಾಸ್ತರರ ತಗಡಿನ ಶೆಡ್ಡಿನಲ್ಲಿ ನಿಯಮ ಒಂದೇ. ಎಲುಬು ಕಂಡ ಕೂಡಲೇ ಎತ್ತಬಾರದು. ಮೊದಲು ಚೀಟಿ ಬರೆಯಬೇಕು. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾರು ಕಂಡರು. ಆಳ ತಿಳಿದರೆ ತಾನೆ ಎಷ್ಟು ಹಳೆಯದೆಂದು ತಿಳಿಯುವುದು? ಚೀಟಿ ಇಲ್ಲದ ಎಲುಬು ಅವರಿಗೆ ಬರೀ ಕಲ್ಲು.

ಒಮ್ಮೆ ಇಂದುಧರ ಚೀಟಿ ಬರೆಯದೆ ಆನೆಯ ಹಲ್ಲೊಂದನ್ನು ಎತ್ತಿಕೊಂಡು ಓಡಿಬಂದ. ಮಾಸ್ತರು ಅವನೆದುರಿಗೇ ಅದನ್ನು ಹೊಳೆಗೆ ಎಸೆದುಬಿಟ್ಟರು. ಅಯ್ಯೋ, ಎಂಥ ಹಲ್ಲು! ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಏಳನೆಯ ವರ್ಷ ಮಾಸ್ತರು ಅವನನ್ನು ಕರೆದರು.

"ಈ ಸೀಮ್ಯಾಗ ಎಲುಬು ಕೂಡಿಸಿದವರ ಚರಿತ್ರೆ ಬರಿ. ಮೊದಲಿನವರಿಂದ ಹಿಡಿದು ನನ್ನ ತನಕ."

"ನಿಮ್ಮದೂ ಬರೀಬೇಕೇನ್ರಿ?"

"ಮತ್ತ? ನಾ ಸತ್ತ ಮ್ಯಾಲ ಬರೆದ್ರ ತಪ್ಪು ಒಪ್ಪು ಯಾರು ನೋಡೋರು?"

ಇಂದುಧರ ಬರೆಯತೊಡಗಿದ. ಮೊದಲು ಬಂದವನು ಕುದುರೆ ಏರಿ ಬಂದ ಒಬ್ಬ ಸರ್ವೇ ಸಾಹೇಬ. ನಾಲ್ಕು ಬಂಡಿ ಎಲುಬು ಹೇರಿಕೊಂಡು ಹೋಗಿ, 'ಹೊಳೆಯಲ್ಲಿ ಸಿಕ್ಕವು' ಎಂದಷ್ಟೇ ಬರೆದಿಟ್ಟ ಪುಣ್ಯಾತ್ಮ. ಆಮೇಲೆ ಸೇತುವೆ ಕಟ್ಟಲು ಬಂದ ಎಂಜಿನಿಯರು. ಸಿಕ್ಕಿದ್ದನ್ನೆಲ್ಲ ಮನೆಗೆ ಬಂದ ನೆಂಟರಿಗೆ ಹಂಚಿದ. ಅವನಾದ ಮೇಲೆ ಮಾಸ್ತರು.

ಮಾಸ್ತರರ ಹೆಸರು ನಿಂತದ್ದು ನೀರಾನೆಯ ಒಂದು ದವಡೆಯ ಮೇಲೆ. ನಲವತ್ತು ವರ್ಷದ ಹಿಂದಿನ ಅದರ ಚೀಟಿ ಹೀಗಿತ್ತು: 'ಎಡದಂಡೆ, ಗರಸು ಮಣ್ಣಿನ ಪದರ, ಒಂದಾಳು ಆಳ, ನಾನೇ ಕಂಡೆ.'

ಕಾಡೆತ್ತಿನ ಎಲುಬು ಸಿಕ್ಕಿದ್ದೂ ಅದೇ ಪದರದಲ್ಲಿ. ಅಂದಮೇಲೆ ನೀರಾನೆಯೂ ಕಾಡೆತ್ತೂ ಒಂದೇ ಕಾಲದಲ್ಲಿ ಈ ಹೊಳೆಯ ನೀರು ಕುಡಿದಿವೆ ಎಂದರು ಮಾಸ್ತರು. ದೂರದೂರದ ಪಂಡಿತರು ತಲೆದೂಗಿದರು.

ಹಳಬರನ್ನೂ ಒಂದು ಮಾತು ಕೇಳೋಣವೆಂದು ಇಂದುಧರ ಹರಿಗೋಲು ಹತ್ತಿ ಬಲದಂಡೆಗೆ ಹೋದ. ಅಲ್ಲಿ ಭರಮವ್ವ ಎಂಬ ಒಕ್ಕಲಗಿತ್ತಿ ಶೇಂಗಾ ಸುಲಿಯುತ್ತ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ.

"ಆ ದವಡೀನ? ಅದು ನಮ್ಮ ಬಾವ್ಯಾಗ ಸಿಕ್ಕಿದ್ದೋ ಯಪ್ಪಾ! ಬಾವಿ ತೋಡುವಾಗ, ಏಳಾಳು ಕೆಳಗ. ನಾನ ತಲಿಮ್ಯಾಲ ಹೊತ್ಕೊಂಡು ಹೋಗಿ ಮಾಸ್ತರಿಗೆ ಕೊಟ್ಟೆ. ಕುತ್ತಿಗಿ ಮೂರು ದಿನ ಹಿಡಕೊಂಡಿತ್ತು ನೋಡು."

ಇಂದುಧರನಿಗೆ ಚೀಟಿ ನೆನಪಾಯಿತು. ಎಡದಂಡೆಯಲ್ಲ, ಬಲದಂಡೆ. ಒಂದಾಳಲ್ಲ, ಏಳಾಳು. ಅಷ್ಟು ಆಳದ ನೀರಾನೆ ಕಾಡೆತ್ತಿಗಿಂತ ಎಷ್ಟೋ ಹಳೆಯದು. ಇದನ್ನು ಬರೆದರೆ ಮಾಸ್ತರರ ಹೆಸರು ಮಣ್ಣುಪಾಲು.

ಹೆತ್ತಪ್ಪನಿಗಿಂತ ಹೆಚ್ಚಾಗಿ ಅವರನ್ನು ಹಚ್ಚಿಕೊಂಡಿದ್ದ ಅವನು. ರಾತ್ರಿಯಾಗುವ ಮೊದಲೇ ಕೂತು, ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೇ ಚರಿತ್ರೆಗೆ ಇಳಿಸಿದ.

ಮರುದಿನ ಬೆಳಿಗ್ಗೆ ಮಾಸ್ತರು, "ಓದು," ಅಂದರು.

ಓದಿದ.

"ಭರಮವ್ವನ ಕಡೆ ಹೋಗಿದ್ದ್ಯಲ್ಲ, ಏನಂದ್ಲು?"

"ಆಕಿಗೆ ವಯಸ್ಸಾಗೈತ್ರಿ. ಏನೇನೋ ಅಂದ್ಲು."

"ಏನೇನೋ ಅಂದ್ರ ಏನು?"

ಇಂದುಧರ ಹಾಳೆ ಮಡಚತೊಡಗಿದ.

"ಬಾವಿ ಎಷ್ಟಾಳು ಅಂದ್ಲು?"

ಅವನು ತಟ್ಟನೆ ತಲೆ ಎತ್ತಿದ. "ಏಳಾಳು."

"ಹೌದು, ಏಳ. ಮರುದಿನ ನಾನ ಹೋಗಿ ಹಗ್ಗ ಬಿಟ್ಟು ಅಳತಿ ಮಾಡಿದ್ದೆ."

"ಮತ್ತ ಯಾಕ್ರಿ ಹಂಗ ಬರೆದ್ರಿ?" ಇಂದುಧರನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಬಾವ್ಯಾಗ ಸಿಕ್ಕಿದ್ದು, ಒಬ್ಬ ಹೆಣ್ಣುಮಗಳು ಹೊತ್ತು ತಂದಿದ್ದು ಅಂದ್ರ ಯಾರು ನಂಬ್ತಿದ್ರು? ಮುಂದಿನ ವಾರ ದೊಡ್ಡ ದೊಡ್ಡ ಮಂದಿ ನೋಡಾಕ ಬರೋರಿದ್ರು. ನಾ ಅಗೆಯೋ ಎಡದಂಡ್ಯಾಗ ನಾನ ಕಂಡೆ ಅಂತ ಬರೆದೆ. ನಂಬಿದ್ರು."

"ನಲವತ್ತು ವರ್ಷ ಯಾರಿಗೂ ಹೇಳಲಿಲ್ಲೇನ್ರಿ?"

"ಧೈರ್ಯ ಆಗಲಿಲ್ಲ. ಅದಕ್ಕ ನಿನಗ ಬರಿ ಅಂದೆ."

"ಬರೆದ್ರ ನಿಮ್ಮ ಹೆಸರು ಹೋಗ್ತೈತ್ರಿ ಮಾಸ್ತರ."

"ನನ್ನ ಹೆಸರು ಕಾಯಾಕ ನಿನ್ನ ಇಟ್ಕೊಂಡೀನೇನು?"

ಇಂದುಧರ ಆ ಹಾಳೆ ಹರಿದ. ಬೇರೆ ಹಾಳೆ ತೆಗೆದುಕೊಂಡ. ಒಂದೊಂದು ಸಾಲಿಗೂ ತಡೆತಡೆದು ಬರೆದ. ಬರೆದು ಓದಿದ.

'ನೀರಾನೆಯ ದವಡೆ. ಬಲದಂಡೆ, ಭರಮವ್ವನ ಹೊಲದ ಬಾವಿ, ಏಳಾಳು ಆಳ. ಕಂಡವರು ಭರಮವ್ವ. ಚೀಟಿ ಬರೆಯುವಾಗ ಅಂದಾನಪ್ಪ ಮಾಸ್ತರು ಈ ಸಂಗತಿಯನ್ನು ಮರೆತಿದ್ದರು.'

ಮಾಸ್ತರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೊನೆಯ ಸಾಲಿಗೆ ಕಣ್ಣು ತೆರೆದರು.

"ಅದೊಂದು ಸಾಲು ಹೊಡೆದುಹಾಕು," ಅಂದರು. "ಒಂದು ದಿನಾನೂ ಮರೆತಿರಲಿಲ್ಲ ಅಂತ ಬರಿ."